ಸಮಾಧಿವನದಿಂದ ಬಂದವಳು

ನಮ್ಮೂರು ಹುಟ್ಟಿದ್ದೇ ಒಬ್ಬ ಚಕ್ರವರ್ತಿಯ ಸಾವಿನಿಂದ. ರಾಜಧಾನಿ ಛಾಂಗಾನ್ ನಗರದಿಂದ ಹೊರಟು ವೇಯ್ ನದಿ ದಾಟಿದರೆ ಎದುರಾಗುವ ಎತ್ತರದ ಬಯಲಿನಲ್ಲಿ ಅವರಿಗೆ ಗೋರಿಯ ದಿಬ್ಬ ಕಟ್ಟಿದರು. ದಿಬ್ಬಕ್ಕೆ ಕಾವಲು ಬೇಕು, ಕಾವಲಿನವರಿಗೆ ಊರು ಬೇಕು, ಊರಿಗೆ ಜನ ಬೇಕು. ಹೀಗಾಗಿ ಎಲ್ಲೆಲ್ಲಿಂದಲೋ ಸಂಸಾರಗಳನ್ನು ಗಾಡಿಗೆ ಹೇರಿ ತಂದು ಇಲ್ಲಿ ಇಳಿಸಿದರು. ನನ್ನ ಅಪ್ಪ, ಬಾಲಕನಾಗಿದ್ದ ನನ್ನನ್ನೂ ಕರೆದುಕೊಂಡು, ಅಂಥ ಒಂದು ಗಾಡಿಯಿಂದ ಇಳಿದವನು. ಬರುವಾಗ ಸೊಪ್ಪಿನ ಬೀಜದ ಗಂಟೊಂದನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು ಬಂದಿದ್ದ. ಅದರಿಂದ ನಮ್ಮ ತೋಟವಾಯಿತು. ದಿಬ್ಬದ ಸುತ್ತಲಿನ ಸಮಾಧಿವನದ ಅಡುಗೆಮನೆಗೆ ತರಕಾರಿ ಒಪ್ಪಿಸುವ ಕೆಲಸ ನಮ್ಮ ಮನೆಯ ಪಾಲಿಗೆ ಬಂತು.

ನನ್ನ ಹೆಸರು ತು ಗುವಾನ್. ಈ ಕಥೆ ನನ್ನದಲ್ಲ, ನನ್ನ ಹೆಂಡತಿ ಗೆಂಗ್ ಸು ಅವಳದು. ಹಿಂದೆ ಆಗಿದ್ದರೆ ಇದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಈಗ ಕಥೆಯಲ್ಲಿ ಬರುವ ಕೊನೆಯ ಚಕ್ರವರ್ತಿಯೂ ತೀರಿಹೋಗಿ, ಅವರ ಮಗ ಪಟ್ಟಕ್ಕೆ ಬಂದು, ಆ ಮಗನ ಗಡ್ಡದಲ್ಲೂ ಬಿಳಿ ಕೂದಲು ಕಾಣಿಸಿಕೊಂಡಿದೆ. ಹೇಳಿದರೆ ಯಾರ ತಲೆಗೂ ಅಪಾಯವಿಲ್ಲ.

ಸು ಹದಿನಾರರ ಹುಡುಗಿಯಾಗಿದ್ದಾಗ ಅರಮನೆಯವರು ಅವಳನ್ನು ಆರಿಸಿ ಕರೆದುಕೊಂಡು ಹೋದರು. ಅವಳ ಊರು ಇಲ್ಲಿಂದ ಪೂರ್ವಕ್ಕೆ, ಕಣಿವೆಯ ಕೋಟೆಬಾಗಿಲು ದಾಟಿ ಇನ್ನೂ ದೂರ. ಅಮ್ಮ ಅಳುತ್ತ ಗಾಡಿಯ ಹಿಂದೆ ಊರ ಹೊರಗಿನ ಹಿಪ್ಪುನೇರಳೆ ತೋಪಿನವರೆಗೆ ಬಂದಿದ್ದಳಂತೆ. ಅರಮನೆಯಲ್ಲಿ ಅವಳಿದ್ದದ್ದು ಒಂದು ವರ್ಷವೂ ಇಲ್ಲ. ಅಷ್ಟರಲ್ಲಿ ಚಕ್ರವರ್ತಿ, ನಮ್ಮ ದಿಬ್ಬದವರೇ, ತೀರಿಕೊಂಡರು. ಅವಳು ಅವರ ಮುಖವನ್ನೇ ನೋಡಿರಲಿಲ್ಲ. ಒಮ್ಮೆ ಮೊಗಸಾಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದಾಗ ಅವರ ತೋಳಿನ ಕಪ್ಪು ರೇಷ್ಮೆಯ ಅಂಚು ಪಕ್ಕದಲ್ಲಿ ಹಾದುಹೋಯಿತು. ಅಷ್ಟೇ ಅವಳ ಪಾಲಿನ ಚಕ್ರವರ್ತಿ.

ಆದರೆ ಕಟ್ಟಳೆ ಕಟ್ಟಳೆಯೇ. ಮಕ್ಕಳಿಲ್ಲದ ಅರಮನೆಯ ಹೆಂಗಸರೆಲ್ಲ ಗೋರಿಗೆ ಹೋಗಿ ಸತ್ತವರ ಸೇವೆ ಮಾಡಬೇಕು, ಬದುಕಿದ್ದವರಿಗೆ ಮಾಡುವಂತೆಯೇ. ದಿಬ್ಬದ ಪಕ್ಕದಲ್ಲಿ ಸತ್ತ ಚಕ್ರವರ್ತಿಗೊಂದು ಮಲಗುವ ಮನೆ ಇದೆ. ಬೆಳಗಾದರೆ ಡೋಲು ಬಡಿಯುತ್ತಾರೆ. ಹೆಂಗಸರು ಮುಖ ತೊಳೆಯಲು ಬಿಸಿನೀರು ಇಡಬೇಕು, ಹಾಸಿಗೆ ಮಡಿಸಬೇಕು, ಬಾಚಣಿಗೆ ಒರೆಸಿಡಬೇಕು. ಹೊತ್ತುಹೊತ್ತಿಗೆ ಊಟ ಬಡಿಸಬೇಕು, ಆರಿದ ಮೇಲೆ ತೆಗೆಯಬೇಕು. ಸಂಜೆ ಮತ್ತೆ ಹಾಸಿಗೆ ಬಿಡಿಸಬೇಕು. ಇದು ಸಾಯುವವರೆಗೆ. ಸುತ್ತ ಎತ್ತರದ ಗೋಡೆ. ಆ ಗೋಡೆಯ ಅಡುಗೆಬಾಗಿಲಿಗೆ ನಾನು ಬುಟ್ಟಿ ಹೊತ್ತುಕೊಂಡು ಹೋಗುತ್ತಿದ್ದೆ.

ಒಳಗಿನ ಹೆಂಗಸರಿಗೆಲ್ಲ ಹಿರಿಯಳು ಬಾವ್ ರಾಣಿ. ಆಕೆ ಸತ್ತ ಚಕ್ರವರ್ತಿಯನ್ನು ನಿಜವಾಗಿ ಬಲ್ಲವಳು, ಅವರ ಜೊತೆ ಪಗಡೆಯಾಡಿ ಜಗಳವಾಡಿದವಳು. ಮಾತು ಬಲು ಖಾರ. ಸು ಬಂದ ಹೊಸತರಲ್ಲಿ ಹಾಸಿಗೆ ಮಡಿಸುತ್ತ ಕಣ್ಣೀರು ಹಾಕಿದರೆ, "ಲೇ ಹುಡುಗಿ, ದಿಂಬು ನೆನೆಸ್ಬೇಡ. ಅವ್ರಿಗೆ ಮೊದಲೇ ಶೀತ ಜಾಸ್ತಿ" ಎನ್ನುತ್ತಿದ್ದಳಂತೆ. ಸುಗೆ ಆಗ ಆಕೆಯನ್ನು ಕಂಡರೆ ಭಯ. ಚಳಿಗಾಲ ಬಂದಾಗ ಆ ಭಯ ಕಡಿಮೆಯಾಯಿತು. ರಾಣಿ ತನ್ನ ಕೋಣೆಗೆ ಕೊಟ್ಟಿದ್ದ ಇದ್ದಿಲನ್ನು ಹೊರಲಾರದೆ ಹೊತ್ತು ತಂದು ಎಳೆಯ ಹುಡುಗಿಯರು ಮಲಗುವಲ್ಲಿ ಸುರಿದು, "ನನಗೆ ಈ ಹೊಗೆ ಆಗಲ್ಲ" ಎಂದು ಬೈದು ಹೋಗಿದ್ದಳು.

ಚಕ್ರವರ್ತಿಯ ಮಗ ಪಟ್ಟಕ್ಕೆ ಬಂದಾಗ ಹೆಂಗಸರೆಲ್ಲ ಆಸೆ ಇಟ್ಟುಕೊಂಡಿದ್ದರು. ಹೊಸ ಚಕ್ರವರ್ತಿ ಪಟ್ಟವೇರಿದ ಸಂತೋಷಕ್ಕೆ ಸೆರೆಯವರನ್ನು ಬಿಡುವುದುಂಟು, ಕಂದಾಯ ಮಾಫಿ ಮಾಡುವುದುಂಟು. ತಮ್ಮನ್ನೂ ಮನೆಗೆ ಕಳಿಸಬಹುದು ಎಂದುಕೊಂಡರು. ಆ ಮಗ ಸೆರೆಯವರನ್ನು ಬಿಟ್ಟ, ಅಪ್ಪನ ಗೋರಿಯ ಹೆಂಗಸರನ್ನು ಮರೆತ. ಹಲವು ವರ್ಷ ಆಳಿ, ಗಂಡುಮಕ್ಕಳಿಲ್ಲದೆ ತೀರಿಕೊಂಡ. ಅವನಿಗೆ ಬೇರೆ ದಿಬ್ಬ ಎದ್ದಿತು, ಅಲ್ಲಿಗೆ ಬೇರೆ ಹುಡುಗಿಯರು ಹೋದರು.

ಆಮೇಲೆ ಆಡಳಿತ ಮಹಾಸೇನಾಪತಿಯ ಕೈಯಲ್ಲಿತ್ತು. ಅವರು ಮಂತ್ರಿಗಳನ್ನು ಕೂರಿಸಿ ಹುಡುಕಿ ಒಬ್ಬ ದಾಯಾದಿಯನ್ನು ಕರೆಸಿ ಪಟ್ಟ ಕಟ್ಟಿದರು. ಅವನು ಒಂದು ಬೇಸಿಗೆಯನ್ನೂ ಪೂರ್ತಿ ಆಳಲಿಲ್ಲ. ಪಿತೃಗಳ ಗುಡಿಯಲ್ಲಿ ಅಳಬೇಕಾದ ಹೊತ್ತಿನಲ್ಲಿ ಅಳಲಿಲ್ಲ, ಒಣಗಣ್ಣಿನಲ್ಲಿ ನಿಂತಿದ್ದ, ಇಂಥವನಿಗೆ ದುಃಖವಿಲ್ಲ, ದುಃಖವಿಲ್ಲದವನು ಮನೆಯ ಮಗನಲ್ಲ ಎಂದು ದೂರು ಬರೆದು ಇಳಿಸಿಬಿಟ್ಟರು. ನಿಜವಾದ ಕಾರಣ ಬೇರೆ ಇದ್ದೀತು. ನಮ್ಮಂಥವರ ಕಿವಿಗೆ ಬಂದದ್ದು ಇಷ್ಟು. ಅವನ ಜೊತೆ ಬಂದಿದ್ದ ಮನೆಯಾಳುಗಳ ತಲೆಗಳು ಉರುಳಿದವು.

ಮತ್ತೆ ಹುಡುಕಾಟ. ಈ ಸಲ ಸಿಕ್ಕಿದವನು ನಮ್ಮ ದಿಬ್ಬದ ಚಕ್ರವರ್ತಿಯ ಅಣ್ಣನ ಮೊಮ್ಮಗ. ಉತ್ತರದ ಗಡಿಯಲ್ಲಿ, ಗಾಳಿ ಮತ್ತು ಕುರಿ ಬಿಟ್ಟರೆ ಏನೂ ಇಲ್ಲದ ಒಂದು ಪುಟ್ಟ ಸೀಮೆಯಲ್ಲಿ ಬೆಳೆದ ಇಪ್ಪತ್ತರ ತರುಣ. ಅಪ್ಪ ಅಮ್ಮ ಇರಲಿಲ್ಲ. ಅವನನ್ನು ಕರೆತರಲು ಹೋದ ರಥಗಳನ್ನು ಕಂಡು ಅವನು ಕೊಲ್ಲಲು ಬಂದರೆಂದು ತಿಳಿದಿದ್ದನಂತೆ. ಪಟ್ಟವೇರುವ ಮುನ್ನ ಅವನು ಹಿರಿಯರ ಗೋರಿಗಳಿಗೆ ಹೋಗಿ ತಾನು ಬಂದೆನೆಂದು ಹೇಳಬೇಕು, ಅಳಬೇಕು. ಮೊದಲ ಗೋರಿಯೇ ನಮ್ಮದು.

ಅವನು ಬಂದದ್ದು ಚಳಿಗಾಲದ ಒಂದು ಬೆಳಿಗ್ಗೆ. ನಾನು ಊರಿನವರ ಜೊತೆ ದಾರಿಯ ಪಕ್ಕ ಮಂಡಿಯೂರಿ ಕುಳಿತಿದ್ದೆ. ಕಾಣಿಸಿದ್ದು ಕುದುರೆಯ ಕಾಲು, ಗಾಡಿಯ ಗಾಲಿ ಮಾತ್ರ. ಮಿಕ್ಕಿದ್ದೆಲ್ಲ ಸು ಹೇಳಿದ್ದು.

ಮಲಗುವ ಮನೆಯ ಒಳಗಿನ ಕೋಣೆಗೆ ಗಂಡಸರು ಹೋಗುವಂತಿಲ್ಲ, ಮನೆಯ ಮಗನೊಬ್ಬನನ್ನು ಬಿಟ್ಟು. ಮಂತ್ರಿಗಳೂ ಮಹಾಸೇನಾಪತಿಯ ಕಡೆಯವರೂ ಅಂಗಳದಲ್ಲಿ ನಿಂತರು. ಒಳಗೆ ಊಟ ಬಡಿಸಲು ಇದ್ದವರು ಬಾವ್ ರಾಣಿ ಮತ್ತು ಸು ಇಬ್ಬರೇ. ರಾಣಿ ಪರದೆಯ ಹತ್ತಿರ, ಸು ಊಟದ ಮಣೆಯ ಪಕ್ಕ.

ತರುಣ ಬಂದು ಹಾಸಿಗೆಯ ಮುಂದೆ ಮಂಡಿಯೂರಿದ. ಒರಟು ನಾರಿನ ಶೋಕದ ಬಟ್ಟೆ. ಹೆಸರು ಹೇಳಿ, ಬಂದೆನೆಂದು ಅರಿಕೆ ಮಾಡಿಕೊಂಡ. ಅದು ಸರಿಯಾಗಿಯೇ ಆಯಿತು. ಇನ್ನು ಅಳಬೇಕು. ಅಂಗಳದಲ್ಲಿ ಗಾಳಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಎಲ್ಲರ ಕಿವಿಯೂ ಒಳಗೇ. ಅವನ ಬಾಯಿ ತೆರೆಯಿತು, ದನಿ ಬರಲಿಲ್ಲ. ಮತ್ತೆ ತೆರೆಯಿತು. ಗಂಟಲಿನಿಂದ ಒಣ ಕೆಮ್ಮಿನಂಥದ್ದೇನೋ ಹೊರಟು ನಿಂತುಹೋಯಿತು. ಅವನಿಗೆ ಗೊತ್ತಿತ್ತು, ಹಿಂದಿನವನು ಯಾಕೆ ಇಳಿದ ಎಂದು.

ಸುಗೆ ಆ ಬೆನ್ನನ್ನು ನೋಡಿ ಸುಮ್ಮನಿರಲು ಆಗಲಿಲ್ಲ. ಗೋರಿಯ ಹೆಂಗಸು ಬಾಯಿ ತೆರೆದರೆ ಏನಾಗುತ್ತದೆಂದು ಅವಳಿಗೂ ಗೊತ್ತಿತ್ತು. ಮಣೆಯ ಮೇಲಿನ ಬಟ್ಟಲನ್ನು ಸರಿಪಡಿಸುವವಳಂತೆ ಬಗ್ಗಿ ಪಿಸುಗುಟ್ಟಿದಳು.

"ಪ್ರಭು, ನಾನೂ ಅವ್ರನ್ನ ನೋಡಿಲ್ಲ."

ಅವನು ತಲೆ ತಿರುಗಿಸಿದ. "ಯಾರನ್ನ?"

"ಇವ್ರನ್ನೇ. ಹದಿನೈದು ವರ್ಷದಿಂದ ಹಾಸಿಗೆ ಹಾಸ್ತಾ ಇದೀನಿ. ಮುಖ ಹೇಗಿತ್ತು ಅಂತ ಗೊತ್ತಿಲ್ಲ. ನನಗೂ ಇವ್ರಿಗೋಸ್ಕರ ಅಳು ಬರಲ್ಲ."

ಅವನು ದಿಕ್ಕು ತೋಚದವನಂತೆ ನೋಡಿದ. ಆಮೇಲೆ, ಚಕ್ರವರ್ತಿಯಾಗುವವನು ಯಾರನ್ನೂ ಹಾಗೆ ಕರೆಯಬಾರದೆಂಬುದು ನೆನಪಿಲ್ಲದೆ, "ಮತ್ತೇನು ಮಾಡ್ಲಿ ಅಕ್ಕಾ?" ಎಂದ.

"ನಿಮ್ಮವ್ರು ಯಾರಾದ್ರೂ ಇದ್ರಾ? ಈಗಿಲ್ದೇ ಇರೋರು?"

"ಅಜ್ಜಿ ಇದ್ಳು," ಎಂದ. "ಸಾಕಿದ್ದು ಅವಳೇ. ಹೋದ ಚಳಿಗಾಲದಲ್ಲಿ ಹೋದಳು. ನಾನು ಕುರಿ ಎಣಿಸೋಕೆ ಅಂತ ಹೊರಗೆ ಹೋಗಿದ್ದೆ. ಬರೋದ್ರೊಳಗೆ..."

"ಹೇಗೆ ಕರೀತಿದ್ರು ನಿಮ್ಮನ್ನ?"

"ಬೆಕ್ಕಿನ ಮರಿ ಅಂತ." ಹೇಳಿ ಮುಗಿಸುವ ಮೊದಲೇ ಅವನ ಮುಖ ಒಡೆದುಹೋಯಿತು.

ಅವನು ಅತ್ತ. ಹಣೆ ನೆಲಕ್ಕೆ ಹಚ್ಚಿ, ಭುಜ ಕುಲುಕಿ, ಊರ ಹುಡುಗರು ಅಳುವಂತೆ ಬಾಯಿಬಿಟ್ಟು ಅತ್ತ. ಅಂಗಳದಲ್ಲಿದ್ದ ಮುದಿ ಮಂತ್ರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಾವೂ ತೋಳಿನಿಂದ ಕಣ್ಣೊರೆಸಿಕೊಂಡರಂತೆ. ಸುಗೂ ತಡೆಯಲಾಗಲಿಲ್ಲ. ಹಿಪ್ಪುನೇರಳೆ ತೋಪಿನ ಹತ್ತಿರ ನಿಂತುಬಿಟ್ಟ ಅಮ್ಮ ಕಣ್ಣಿಗೆ ಕಟ್ಟಿ, ಅಷ್ಟು ವರ್ಷ ದಿಂಬು ನೆನೆಯದಂತೆ ತಡೆದಿಟ್ಟದ್ದೆಲ್ಲ ಒಮ್ಮೆಗೇ ಬಂದುಬಿಟ್ಟಿತು. ಇಬ್ಬರೂ ಬೇರೆಬೇರೆ ಹೆಂಗಸರಿಗಾಗಿ ಒಂದೇ ಹಾಸಿಗೆಯ ಮುಂದೆ ಕುಳಿತು ಅತ್ತರು.

ಅಳು ನಿಂತಾಗ ಅವನು ಎದ್ದು ನಿಲ್ಲಲಾರದೆ ಮಣೆಗೆ ಕೈಯೂರಿದ. ಶೋಕದ ಉಪವಾಸದಲ್ಲಿದ್ದವನು, ತುಟಿ ಬೆಳ್ಳಗಾಗಿತ್ತು. ಹೊರಗೆ ಹೋಗಿ ಎಲ್ಲರ ಮುಂದೆ ಬಿದ್ದರೆ ಅದೂ ಅಪಶಕುನವೇ. ಸು ಬಡಿಸಿಟ್ಟ ನವಣೆಯ ಗಂಜಿಯ ಬಟ್ಟಲನ್ನು ಎತ್ತಿ ಅವನ ಕೈಗೆ ಕೊಟ್ಟಳು. ಅದು ಸತ್ತವರ ಊಟ. ಮುಟ್ಟುವುದೇ ಅಪರಾಧ.

"ಇದು ಅವ್ರದ್ದಲ್ವಾ?" ಎಂದ ಅವನು.

"ಹಿರಿಯರು ಬಿಟ್ಟಿದ್ದು ಮನೆ ಮಕ್ಕಳಿಗೆ ತಾನೇ ಸೇರೋದು? ಕುಡೀರಿ, ಬಿಸಿ ಇದೆ."

ಅವನು ಒಂದೇ ಉಸಿರಿಗೆ ಕುಡಿದ. ಆಗ ಪರದೆ ಸರಿಯಿತು. ಬಾವ್ ರಾಣಿ ಅಲ್ಲೇ ನಿಂತು ಎಲ್ಲವನ್ನೂ ನೋಡಿದ್ದಳು. ಸು ನೆಲಕ್ಕೆ ಕುಸಿದಳು. ರಾಣಿ ಅವಳ ಕಡೆ ತಿರುಗಿಯೂ ನೋಡಲಿಲ್ಲ. ತರುಣನ ಕೈಯಿಂದ ಖಾಲಿ ಬಟ್ಟಲನ್ನು ತೆಗೆದುಕೊಂಡಳು, ಅವನ ಗಲ್ಲಕ್ಕೆ ಅಂಟಿದ್ದ ಗಂಜಿಯನ್ನು ತನ್ನ ಉಡುಪಿನ ತೋಳಿನ ಅಂಚಿನಿಂದ ಒರೆಸಿದಳು, ಬಾಗಿಲ ಕಡೆ ಕೈ ತೋರಿಸಿದಳು.

"ನೆಟ್ಟಗೆ ನಡೀರಿ ಪ್ರಭು. ನಿಮ್ಮ ಚಿಕ್ಕಜ್ಜಂಗೆ ಬೆನ್ನು ಬಗ್ಗಿಸಿ ನಡೆಯೋರನ್ನ ಕಂಡ್ರೆ ಆಗ್ತಿರ್ಲಿಲ್ಲ."

ಅವನು ನೆಟ್ಟಗೆ ನಡೆದುಹೋದ.

ರಥಗಳು ಹೋದ ಮೇಲೂ ಮಹಾಸೇನಾಪತಿಯ ಕಡೆಯ ಅಧಿಕಾರಿಯೊಬ್ಬ ಉಳಿದುಕೊಂಡ. ತೆಳ್ಳಗಿನ ಮೀಸೆಯವನು. ರಾಣಿಯನ್ನೂ ಸುವನ್ನೂ ಅಂಗಳಕ್ಕೆ ಕರೆಸಿದ.

"ಒಳಗೆ ಎರಡು ದನಿ ಅಳ್ತಿದ್ವು. ಎರಡನೇದು ಯಾರದ್ದು?" ಎಂದು ಕೇಳಿದ.

"ನಮ್ಮ ಯಜಮಾನರ ಮನೆಗೆ ಮಗ ಬಂದು ಅಳ್ತಿದ್ರೆ ಮನೆ ಹೆಂಗಸರು ಕಂಬದ ಥರ ನಿಂತ್ಕೋಬೇಕಾ?" ಎಂದಳು ರಾಣಿ. "ಅದನ್ನೂ ಕಟ್ಟಳೆಯಲ್ಲಿ ಸೇರಿಸಿದ್ದೀರಾ? ನನಗೆ ತಿಳಿಸಿಲ್ಲ."

"ಅಳೋಕೆ ಮುಂಚೆ ಪಿಸುಮಾತು ಕೇಳಿಸ್ತು. ಅವರು ಯಾರ ಹತ್ರ ಮಾತಾಡಿದ್ರು?"

"ಚಿಕ್ಕಜ್ಜನ ಹತ್ರ. ತನ್ನ ಕಷ್ಟ ಸುಖ ಹೇಳ್ಕೊಂಡ. ಕೂಗಿ ಹೇಳ್ಬೇಕಿತ್ತಾ, ನಿಮಗೂ ಕೇಳಿಸೋ ಹಾಗೆ?"

ಅಧಿಕಾರಿ ಸುವಿನ ಕಡೆ ತಿರುಗಿದ. ಅವಳ ಕಣ್ಣು ಕೆಂಪಾಗಿ ಊದಿತ್ತು. ಅವಳು ಬಾಯಿ ತೆರೆಯುವ ಮೊದಲೇ ರಾಣಿ ಅಡ್ಡ ಬಂದಳು. "ಇವಳನ್ನೇನು ಕೇಳ್ತೀರಿ? ಇದು ಅಳುಬುರುಕಿ. ಬಂದ ದಿನದಿಂದ ಅಳ್ತಾ ಇದೆ, ದಿಂಬು ಒಣಗಿಸಿ ಒಣಗಿಸಿ ನನ್ನ ಕೈ ಸೋತಿದೆ."

"ಊಟ?" ಎಂದ ಅವನು, ಕೊನೆಯ ಪ್ರಶ್ನೆಯೆಂಬಂತೆ. "ಮಣೆ ಮೇಲೆ ಗಂಜಿ ಇಲ್ಲವಲ್ಲ."

ರಾಣಿ ಅವನನ್ನು ದುರುಗುಟ್ಟಿ ನೋಡಿದಳು. "ಅವ್ರು ಬದುಕಿದ್ದಾಗ ಇಡ್ತಿದ್ದ ಹಾಗೇ ಊಟ ಇಡಬೇಕು ಅನ್ನೋದು ನಿಮ್ಮದೇ ಕಟ್ಟಳೆ. ಅವ್ರು ಉಣ್ತಾರೆ ಅಂತ ನಂಬಿ ತಾನೇ ಇಡ್ಸೋದು? ಇವತ್ತು ಮನೆಯವನು ಬಂದ ಖುಷಿಗೆ ಚೆನ್ನಾಗಿ ಉಂಡ್ರು. ಉಣ್ಣಲಿಲ್ಲ ಅಂತ ನೀವು ಬರ್ಕೋತೀರಾದ್ರೆ ಬರ್ಕೊಳ್ಳಿ. ಓದೋರು ಏನಂತಾರೋ ನೋಡೋಣ."

ಅವನು ಏನೂ ಬರೆದುಕೊಳ್ಳಲಿಲ್ಲ. ಮೀಸೆ ಸವರಿಕೊಂಡು ಕುದುರೆ ಹತ್ತಿದ. ಅವನು ಮರೆಯಾದ ಮೇಲೆ ರಾಣಿಯ ಮಂಡಿ ಗಡಗಡ ನಡುಗಲು ಶುರುವಾಯಿತು. ಸು ಹಿಡಿದುಕೊಂಡು ಕೂರಿಸಿದಳು.

"ಅಮ್ಮಾವ್ರೇ, ನನ್ನಿಂದ ನಿಮಗೆ..."

"ಬಾಯ್ಮುಚ್ಚು," ಎಂದಳು ರಾಣಿ. "ಮೊದ್ಲು ಆ ಬಟ್ಟಲು ಎಲ್ಲಿಟ್ಟೆ ನಾನು, ನೋಡು. ತೊಳೀಬೇಕು." ಆಮೇಲೆ, ತಡೆದು, "ಬೆಕ್ಕಿನ ಮರಿಯಂತೆ," ಎಂದು ತನ್ನಷ್ಟಕ್ಕೇ ನಕ್ಕಳು.

ಆ ತರುಣ ಚಕ್ರವರ್ತಿಯಾದ. ಅಧಿಕಾರವೇನೋ ಇನ್ನೂ ಮಹಾಸೇನಾಪತಿಯದೇ. ಗೋರಿಯೊಳಗೆ ದಿನಗಳು ಹಿಂದಿನಂತೆಯೇ ಸಾಗಿದವು. ಸು ಆಸೆಯೇನೂ ಇಟ್ಟುಕೊಳ್ಳಲಿಲ್ಲ. ಹಿಂದಿನ ಎರಡು ಪಟ್ಟಾಭಿಷೇಕಗಳಲ್ಲಿ ಆಸೆಪಟ್ಟು ಸೋತಿದ್ದಳಲ್ಲ. ಆ ದಿನ ಒಳಗೆ ನಡೆದದ್ದನ್ನು ಅವಳೂ ರಾಣಿಯೂ ಯಾರಿಗೂ ಹೇಳಲಿಲ್ಲ.

ಕೆಲವು ವರ್ಷಗಳಾದ ಮೇಲೆ ಮಹಾಸೇನಾಪತಿ ವಯಸ್ಸಾಗಿ ತೀರಿಕೊಂಡರು. ಚಕ್ರವರ್ತಿ ತಾನೇ ಆಳಲು ಶುರುಮಾಡಿದ ಮೊದಲ ವಸಂತದಲ್ಲಿ ಆಜ್ಞೆ ಬಂತು. ನಾನು ಆವತ್ತು ಅಡುಗೆಬಾಗಿಲಲ್ಲಿ ಬುಟ್ಟಿ ಇಳಿಸುತ್ತಿದ್ದೆ; ಒಳಗಿನಿಂದ ಗದ್ದಲ ಕೇಳಿ ಬೆಂಕಿ ಬಿದ್ದಿತೇನೋ ಎಂದುಕೊಂಡೆ. ಎಲ್ಲ ಗೋರಿಗಳಲ್ಲಿರುವ ಮಕ್ಕಳಿಲ್ಲದ ಹೆಂಗಸರು ತಮ್ಮ ತಮ್ಮ ಮನೆಗೆ ಹೋಗಬಹುದು, ಇಷ್ಟವಿದ್ದರೆ ಮದುವೆಯಾಗಬಹುದು, ದಾರಿಗೆ ಗಾಡಿಯನ್ನೂ ಬಟ್ಟೆಯನ್ನೂ ಕೊಡಬೇಕು. ಆಜ್ಞೆಯಲ್ಲಿ ಯಾರ ಹೆಸರೂ ಇರಲಿಲ್ಲ. ಕಾರಣ ಮಾತ್ರ ಇತ್ತು: ತಾಯಂದಿರು ಕಾಯುತ್ತಿರುವಾಗ ಮಕ್ಕಳನ್ನು ಸತ್ತವರ ಬಳಿ ಇಟ್ಟುಕೊಳ್ಳುವುದು ಸತ್ತವರಿಗೂ ಹಿತವಲ್ಲ.

ಅದು ತನ್ನಿಂದಾಯಿತೆಂದು ಸು ಇವತ್ತಿಗೂ ಹೇಳುವುದಿಲ್ಲ. ನಾನು ಹೇಳಿದರೆ ಬೈಯುತ್ತಾಳೆ. "ಒಂದು ಬಟ್ಟಲು ಗಂಜಿಗೆ ಯಾರಾದ್ರೂ ಇಷ್ಟೆಲ್ಲ ಕೊಡ್ತಾರಾ? ಅವ್ರು ಒಳ್ಳೆಯವ್ರು, ಅದಕ್ಕೆ ಬಿಟ್ರು. ಸುಮ್ನಿರಿ" ಎನ್ನುತ್ತಾಳೆ.

ಬಾವ್ ರಾಣಿ ಹೊರಡಲಿಲ್ಲ. ಸು ಕೈ ಹಿಡಿದು ಕರೆದಳು, ಕಾಲು ಹಿಡಿದು ಕರೆದಳು.

"ನಾನೆಲ್ಲಿಗೆ ಬರ್ಲಿ? ನಮ್ಮನೇಲಿ ಯಾರಿದಾರೆ?" ಎಂದಳು ರಾಣಿ. "ಅಲ್ದೆ ನಿಮ್ಗೆಲ್ಲ ಅವ್ರು ಗುರುತಿಲ್ಲ, ನನಗೆ ಗುರುತು. ಬೈಯೋಕೆ ಒಬ್ರಾದ್ರೂ ಇರ್ಲಿ ಅವ್ರಿಗೆ. ಬಾ, ಕೂತ್ಕೋ ಇಲ್ಲಿ."

ಸುವನ್ನು ಮುಂದೆ ಕೂರಿಸಿಕೊಂಡು, ಸೇವೆಯ ಹೆಂಗಸರಂತೆ ಕಟ್ಟಿದ್ದ ಕೂದಲ ಗಂಟನ್ನು ಬಿಚ್ಚಿ, ಮನೆಯ ಮಗಳಂತೆ ತಲೆ ಬಾಚಿ ಕಟ್ಟಿ ಕಳಿಸಿದಳು. ಬಾಗಿಲವರೆಗೂ ಬರಲಿಲ್ಲ.

ಸುವಿನ ಊರಲ್ಲಿ ಅವಳ ಅಮ್ಮ ಇನ್ನೂ ಇದ್ದಳು. ಅಣ್ಣನ ಮನೆಯ ಜಗಲಿಯಲ್ಲಿ ಕುಳಿತು ಸೊಪ್ಪು ಬಿಡಿಸುತ್ತಿದ್ದ ಮುದುಕಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಗಾಡಿ ನಿಂತ ಸದ್ದಿಗೆ, "ಯಾರಪ್ಪಾ?" ಎಂದಳು.

"ನಾನಮ್ಮ."

ಮುದುಕಿಯ ಕೈ ನಿಂತಿತು. "ಇನ್ನೊಂದು ಸಲ ಹೇಳು," ಎಂದಳು.

"ನಾನಮ್ಮ, ಸು."

ಅಮ್ಮ ಎದ್ದು ಬರಲಿಲ್ಲ, ಅಳಲೂ ಇಲ್ಲ. ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿ ಅಲ್ಲಿ ಕೈಯಿಂದ ತಟ್ಟಿ ತೋರಿಸಿದಳು. "ಬಾ. ನಿಂಗೆ ಅಂತ ಜಾಗ ಇದೆ."

ಆ ವಸಂತ, ಆ ಬೇಸಿಗೆ ಇಬ್ಬರೂ ಒಂದೇ ಚಾಪೆಯಲ್ಲಿ ಮಲಗಿದರು. ಅಮ್ಮನಿಗೆ ಮುಖ ತೊಳೆಯಲು ಬಿಸಿನೀರು, ತಲೆಗೆ ಬಾಚಣಿಗೆ, ಹೊತ್ತುಹೊತ್ತಿಗೆ ಊಟ. ಇಷ್ಟು ವರ್ಷ ಮಾಡಿದ್ದನ್ನೇ ಮಾಡುತ್ತಿದ್ದೇನೆ ಅನ್ನಿಸಿತಂತೆ ಸುಗೆ. ಆದರೆ ಈ ಸಲ ನೀರು ಬಿಸಿ ಜಾಸ್ತಿಯಾದರೆ "ಸುಡ್ತಲ್ಲೇ" ಎನ್ನುವ ದನಿ ಇತ್ತು. ನವಣೆಯ ಕೊಯ್ಲಿನ ಹೊತ್ತಿಗೆ ಅಮ್ಮ ಮಗಳ ಮಡಿಲಲ್ಲಿ ತಲೆಯಿಟ್ಟು ಪ್ರಾಣ ಬಿಟ್ಟಳು. ಆಜ್ಞೆ ಒಂದು ವರ್ಷ ತಡವಾಗಿದ್ದರೆ ಇದು ಸಿಗುತ್ತಿರಲಿಲ್ಲ. ಆ ಚಕ್ರವರ್ತಿಯ ಹೆಸರು ಹೇಳುವಾಗ ಸು ಇವತ್ತಿಗೂ ಎದ್ದು ನಿಲ್ಲುವುದು ಬಿಡುಗಡೆಗಾಗಿ ಅಲ್ಲ, ಆ ಎರಡು ಋತುಗಳಿಗಾಗಿ.

ಸೂತಕ ಕಳೆದ ಮೇಲೆ ಅಣ್ಣ, "ಯಾರಾದ್ರೂ ಒಳ್ಳೆ ಮನುಷ್ಯನ್ನ ನೋಡ್ಲಾ?" ಎಂದು ಕೇಳಿದನಂತೆ. ಸು, "ಸಮಾಧಿವನದ ಊರಲ್ಲಿ ತರಕಾರಿ ತರೋರು ಒಬ್ರಿದಾರೆ. ಹೆಂಡ್ತಿ ಇಲ್ಲ ಅಂತ ಕೇಳಿದ್ದೆ" ಎಂದಳಂತೆ.

ನನಗೆ ಆಗ ಇದೇನೂ ಗೊತ್ತಿರಲಿಲ್ಲ. ನನ್ನ ಮೊದಲ ಹೆಂಡತಿ ಮದುವೆಯಾದ ಹೊಸತರಲ್ಲೇ ಜ್ವರದಲ್ಲಿ ತೀರಿಕೊಂಡಿದ್ದಳು. ಮತ್ತೆ ಆ ಯೋಚನೆ ಮಾಡಿರಲಿಲ್ಲ. ಅಡುಗೆಬಾಗಿಲಲ್ಲಿ ಸು ಬುಟ್ಟಿ ತೆಗೆದುಕೊಳ್ಳುವ ದಿನ ಮಾತ್ರ ನಾನು ಮೇಲಂಗಿ ಒಗೆದು ಹಾಕಿಕೊಂಡು ಹೋಗುತ್ತಿದ್ದೆ, ಅದು ನಿಜ. ತರಕಾರಿಯ ಹೆಸರು ಬಿಟ್ಟು ಬೇರೆ ಮಾತು ಆಡುವಂತಿರಲಿಲ್ಲ. "ಇವತ್ತು ಮೂಲಂಗಿ" ಎಂದರೆ ಅವಳು "ಇಡಿ" ಎನ್ನುತ್ತಿದ್ದಳು. ಅವಳು ಹೊರಟುಹೋದ ದಿನ ನಾನು ಪಾತಿಗೆ ನೀರು ಹಾಯಿಸಿ, ನೀರಿನ ಮಡೆಯನ್ನು ಮಣ್ಣಿನಿಂದ ಮುಚ್ಚುವುದನ್ನು ಮರೆತು ಅರ್ಧ ತೋಟ ಕೊಳೆಸಿದ್ದೆ.

ಮರುವರ್ಷ ಒಂದು ಮಧ್ಯಾಹ್ನ ಕಳೆ ಕೀಳುತ್ತಿದ್ದೆ. ಬೇಲಿಯ ಆಚೆ ಒಬ್ಬ ಗಂಡಸೂ ಹೆಂಗಸೂ ನಿಂತಿದ್ದರು. ಬುಟ್ಟಿ ತೆಗೆದುಕೊಳ್ಳುತ್ತಿದ್ದ ಆ ಕೈ ಕಂಡ ಮೇಲೆ ಗುರುತು ಹತ್ತಿತು.

"ಇವತ್ತು ಏನಿದೆ?" ಎಂದಳು.

"ಮೂಲಂಗಿ," ಎಂದೆ.

"ನಿಮ್ಮ ಮೂಲಂಗಿ ಒಳಗೆಲ್ಲ ಬೆಂಡು. ಇಷ್ಟು ವರ್ಷ ಹೇಳೋ ಹಾಗಿರ್ಲಿಲ್ಲ. ನೀರು ಒಂದೇ ಸಮ ಬಿಡಲ್ಲ ನೀವು. ಒಂದಿನ ಸುರೀತೀರಿ, ನಾಲ್ಕು ದಿನ ಮರೀತೀರಿ."

"ಚಕ್ರವರ್ತಿಗಳು ಏನೂ ಅಂದಿರ್ಲಿಲ್ಲ," ಎಂದೆ ನಾನು.

"ಅವ್ರಿಗೆ ಹಲ್ಲಿಲ್ಲ. ನನಗಿದೆ."

ಅವಳ ಅಣ್ಣ ಪಾಪ, ಬೇಲಿ ಹಿಡಿದುಕೊಂಡು ನಗು ತಡೆಯಲಾರದೆ ಒದ್ದಾಡುತ್ತಿದ್ದ. ಅವನೇ ಆಮೇಲೆ ಕೆಮ್ಮಿ, ಬಂದ ವಿಷಯ ಹೇಳಿದ. ನಾನು ಕೈಯ ಮಣ್ಣನ್ನು ಬಟ್ಟೆಗೆ ಒರೆಸಿಕೊಂಡು, ಒಳಗೆ ಬನ್ನಿ, ಗಂಜಿ ಕಾಯಿಸುತ್ತೇನೆ ಎಂದೆ. ಹಾಗೆ ನನ್ನ ಮದುವೆಯಾಯಿತು. ತೋಟಕ್ಕೆ ಈಗ ನೀರು ಬಿಡುವುದು ಅವಳೇ.

ಮೂವತ್ತೈದು ದಾಟಿದ ಮೇಲೆ ಸುಗೆ ಮಗಳು ಹುಟ್ಟಿದಳು. ಬಾಣಂತನ ಕಳೆದ ಕೂಡಲೇ ಮಗುವನ್ನು ಎತ್ತಿಕೊಂಡು ಅಡುಗೆಬಾಗಿಲಿಗೆ ಹೋದೆವು. ಬಾವ್ ರಾಣಿಗೆ ಆಗಲೇ ಬೆನ್ನು ಬಾಗಿತ್ತು. ಕೋಲೂರಿಕೊಂಡು ಬಂದಳು. ಮಗುವನ್ನು ಕೈಗೆ ಕೊಟ್ಟರೆ ಹಿಡಿಯುವುದು ಹೇಗೆಂದು ತಿಳಿಯದೆ ಬಟ್ಟೆಯ ಮೂಟೆಯಂತೆ ಎದೆಗೆ ಒತ್ತಿಕೊಂಡಳು.

"ಇಷ್ಟು ಹಗುರ ಇರತ್ತಾ?" ಎಂದಳು.

"ಬರ್ತಾ ಬರ್ತಾ ಭಾರ ಆಗುತ್ತೆ ಅಮ್ಮಾವ್ರೇ," ಎಂದೆ ನಾನು.

"ನಿನ್ನನ್ನ ಯಾರು ಕೇಳಿದ್ರು ತರಕಾರಿಯವನೇ. ಹೆಸರೇನು ಇಟ್ರಿ?"

"ನೀವೇ ಇಡ್ಬೇಕು," ಎಂದಳು ಸು.

ರಾಣಿ ಮಗುವಿನ ಮುಖವನ್ನೇ ನೋಡುತ್ತ ನಿಂತಳು. "ನನ್ನ ಅಮ್ಮನ ಹೆಸರು ಯಾರೂ ಕರೆಯೋರಿಲ್ದೆ ಎಷ್ಟೋ ವರ್ಷ ಆಯ್ತು," ಎಂದಳು. "ಯುನ್ ಅಂತ. ಇಷ್ಟ ಆದ್ರೆ ಇಡಿ. ಇಲ್ದಿದ್ರೆ ಬೇಡ."

ಯುನ್ ಎಂದೇ ಇಟ್ಟೆವು. ಮಗಳು ನಡೆಯಲು ಕಲಿತದ್ದು ಅರ್ಧ ನಮ್ಮ ತೋಟದಲ್ಲಿ, ಅರ್ಧ ಆ ಬಾಗಿಲ ಕಲ್ಲಿನ ಮೇಲೆ. ಕಾವಲಿನವರು ಕಂಡೂ ಕಾಣದಂತಿದ್ದರು. ರಾಣಿ ಅವಳಿಗೆ ಪಗಡೆ ಕಲಿಸಿದಳು, ಸೋತರೆ ಜಗಳವಾಡುವುದನ್ನೂ ಕಲಿಸಿದಳು.

ಆ ನಡುವೆ ಒಮ್ಮೆ ಚಕ್ರವರ್ತಿ ಗೋರಿಗೆ ಬಂದು ಹಿಂತಿರುಗುವಾಗ ಊರವರೆಲ್ಲ ದಾರಿಯ ಪಕ್ಕ ಮಂಡಿಯೂರಿದ್ದೆವು. ಸು ಮಾತ್ರ ಒಂದು ಕ್ಷಣ ತಲೆ ಎತ್ತಿದಳು.

"ನಿನ್ನ ಕಡೆ ನೋಡಿದ್ರಾ?" ಎಂದು ಮನೆಗೆ ಬಂದ ಮೇಲೆ ಕೇಳಿದೆ.

"ಇಲ್ಲ. ಯಾಕೆ ನೋಡ್ಬೇಕು? ಅವ್ರು ಮೈ ತುಂಬ್ಕೊಂಡಿದಾರೆ, ಪಕ್ಕದಲ್ಲಿ ಮಗ ಕೂತಿದ್ದ. ನನಗೆ ಅಷ್ಟು ಕಂಡ್ರೆ ಸಾಕಾಗಿತ್ತು," ಎಂದಳು. ಆವತ್ತಿಡೀ ದಿನ ಏನೋ ಗುನುಗುತ್ತ ಸೊಪ್ಪು ಕಟ್ಟಿದಳು.

ಬಾವ್ ರಾಣಿ ತೀರಿಕೊಂಡಾಗ ಯುನ್‌ಗೆ ಮದುವೆಯ ವಯಸ್ಸು. ಕೊನೆಯ ಕಾಯಿಲೆಯಲ್ಲಿ ಒಳಗೆ ಹೋಗಿ ನೋಡಿಕೊಳ್ಳಲು ಸಮಾಧಿವನದ ಅಧಿಕಾರಿ ಸುಗೆ ಅನುಮತಿ ಕೊಟ್ಟಿದ್ದ. ಕೊನೆಕೊನೆಗೆ ರಾಣಿಗೆ ಯಾರು ಯಾರೆಂದು ಗೊತ್ತಾಗುತ್ತಿರಲಿಲ್ಲ. ಒಂದು ಸಂಜೆ ಮಾತ್ರ ಸುವಿನ ಕೈ ಹಿಡಿದುಕೊಂಡು, "ಆವತ್ತು ಆ ಮೀಸೆಯವನ ಮುಂದೆ ನಂಗೆಷ್ಟು ಹೆದರಿಕೆ ಆಗಿತ್ತು ಗೊತ್ತೇನೇ?" ಎಂದಳಂತೆ.

"ಗೊತ್ತು ಅಮ್ಮಾವ್ರೇ. ನಿಮ್ಮ ಮಂಡಿ ನಾನೇ ಹಿಡ್ಕೊಂಡಿದ್ದೆ."

"ಸದ್ಯ, ಯಾರಿಗೂ ಹೇಳ್ಬೇಡ," ಎಂದು ರಾಣಿ ಕಣ್ಣು ಮುಚ್ಚಿದಳು.

ರಾಣಿಯ ಪದವಿಗೆ ತಕ್ಕಂತೆ ದೊಡ್ಡ ದಿಬ್ಬದ ಪೂರ್ವಕ್ಕೆ ಚಿಕ್ಕ ಗೋರಿ ಅಗೆಸಿದರು. ಪೆಟ್ಟಿಗೆ ಹೊರಡುವಾಗ ಅಧಿಕಾರಿ ಮೆಟ್ಟಿಲ ಮೇಲೆ ನಿಂತು ಸುತ್ತ ನೋಡಿದ. ಪೆಟ್ಟಿಗೆಯ ಹಿಂದೆ ರಕ್ತ ಸಂಬಂಧದವರು ನಡೆಯಬೇಕು, ಇಲ್ಲದಿದ್ದರೆ ಕೂಲಿಯವರನ್ನು ನಿಲ್ಲಿಸುವುದು ವಾಡಿಕೆ.

"ಇವ್ರಿಗೆ ಯಾರಾದ್ರೂ ಇದಾರಾ?" ಎಂದು ಕೂಗಿದ.

"ಇದೀವಿ," ಎಂದಳು ಸು.

ಒರಟು ನಾರಿನ ಬಟ್ಟೆ ತೊಟ್ಟು ನಾವು ಮೂವರೂ ಪೆಟ್ಟಿಗೆಯ ಹಿಂದೆ ನಡೆದೆವು. ಸು ಮುಂದೆ, ಮಗಳ ಜಾಗದಲ್ಲಿ.